ವರ್ಚುವಲ್ ಮಷೀನ್ ಕನ್ಸೋಲ್‌ಗೆ ಕನೆಕ್ಟ್ ಆಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಚುವಲ್ ಮಷೀನ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕ್ಲೈಂಟ್ ಒಳ್ಳೆಯದು ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ, ನೀವು ತಟ್ಟುತ್ತಿರುವ ಬಾಗಿಲು ಹೋಸ್ಟ್‌ನದೋ ಗೆಸ್ಟ್‌ನದೋ ಎಂದು ಖಚಿತ ಮಾಡಿಕೊಳ್ಳಿ. "ಕನೆಕ್ಟ್ ಆಗ್ತಿಲ್ಲ" ಎಂದು ನನ್ನ ತನಕ ಬಂದ ದೂರುಗಳಲ್ಲಿ ಎಷ್ಟೋ ಅಲ್ಲೇ ಬಗೆಹರಿದಿವೆ. ಈ ಪುಟದಲ್ಲಿ ಹೋಸ್ಟ್ ಎಂದರೆ ವರ್ಚುವಲ್ ಮಷೀನ್‌ಗಳನ್ನು ಓಡಿಸುತ್ತಿರುವ ನಿಜವಾದ ಯಂತ್ರ. ಗೆಸ್ಟ್ ಅಥವಾ ವಿಎಮ್ ಎಂದರೆ ಅದರೊಳಗೆ ಓಡುತ್ತಿರುವುದು.

## ಕನ್ಸೋಲ್‌ಗೂ ರಿಮೋಟ್ ಡೆಸ್ಕ್‌ಟಾಪ್‌ಗೂ ಏನು ವ್ಯತ್ಯಾಸ? ಎರಡರಲ್ಲೂ ಕಾಣುವುದು ಅದೇ ಸ್ಕ್ರೀನ್ ತಾನೇ?

ಕಾಣುವುದು ಒಂದೇ ಥರ ಇರಬಹುದು, ಆದರೆ ಬರುವ ದಾರಿ ಬೇರೆ. ಕನ್ಸೋಲ್ ಅಂದರೆ ಆ ವಿಎಮ್‌ಗೆ ಸಿಕ್ಕಿಸಿದ ಮಾನಿಟರ್, ಕೀಬೋರ್ಡ್, ಮೌಸ್ ಇದ್ದ ಹಾಗೆ. ಅದನ್ನು ಒದಗಿಸುವುದು ಹೋಸ್ಟ್‌ನಲ್ಲಿರುವ ಹೈಪರ್‌ವೈಸರ್, ಅಂದರೆ ವಿಎಮ್‌ಗಳನ್ನು ಓಡಿಸುವ ತಂತ್ರಾಂಶ. ಹಾಗಾಗಿ ಗೆಸ್ಟ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಇನ್ನೂ ಹಾಕಿರದಿದ್ದರೂ, ನೆಟ್‌ವರ್ಕ್ ಕಿತ್ತುಹೋಗಿದ್ದರೂ, ಬಯಾಸ್ ಪರದೆಯಲ್ಲೇ ನಿಂತುಬಿಟ್ಟಿದ್ದರೂ ಕನ್ಸೋಲ್ ತೆರೆದುಕೊಳ್ಳುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಗೆಸ್ಟ್‌ನೊಳಗೆ ಓಡುವ ಒಂದು ಸರ್ವೀಸ್. ಗೆಸ್ಟ್ ಪೂರ್ತಿ ಎದ್ದು, ಅದರ ನೆಟ್‌ವರ್ಕ್ ಸರಿಯಿದ್ದು, ಅದರ ಫೈರ್‌ವಾಲ್ ಬಿಟ್ಟರೆ ಮಾತ್ರ ಸಿಗುತ್ತದೆ.

ಒಮ್ಮೆ ಒಂದು ಲಿನಕ್ಸ್ ವಿಎಮ್‌ಗೆ ಹೊಸ ಡಿಸ್ಕ್ ಸೇರಿಸಿ, ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಯುಯುಐಡಿ (ಗುರುತಿನ ಸಂಖ್ಯೆ) ಬರೆಯುವಾಗ ಒಂದು ಅಕ್ಷರ ತಪ್ಪಿಸಿದ್ದೆ. ರೀಬೂಟ್ ಕೊಟ್ಟ ಮೇಲೆ ಪಿಂಗ್ ಇಲ್ಲ, ಎಸ್‌ಎಸ್‌ಎಚ್ (ದೂರದಿಂದ ಅಕ್ಷರರೂಪದಲ್ಲಿ ಲಾಗಿನ್ ಆಗುವ ದಾರಿ) ಇಲ್ಲ. ಕನ್ಸೋಲ್ ತೆರೆದು ನೋಡಿದರೆ ಬೂಟ್ ಆಗುತ್ತಿದ್ದ ಸಿಸ್ಟಮ್ ಇಲ್ಲದ ಡಿಸ್ಕ್‌ಗಾಗಿ ಕಾಯುತ್ತಾ ಕೂತಿತ್ತು. ಸಾಲಿನ ಆರಂಭದಲ್ಲಿ ಕೆಂಪು ನಕ್ಷತ್ರದ ಗುರುತುಗಳು ಅತ್ತಿಂದಿತ್ತ ಓಡಾಡುತ್ತಿದ್ದವು, ಪಕ್ಕದಲ್ಲಿ ಒಂದೂವರೆ ನಿಮಿಷದ ಗಡಿಯತ್ತ ಸೆಕೆಂಡುಗಳ ಎಣಿಕೆ. ಎಣಿಕೆ ಮುಗಿದ ಮೇಲೆ ಎಮರ್ಜೆನ್ಸಿ ಮೋಡ್‌ಗೆ ಬಿದ್ದು ರೂಟ್ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಕೊಟ್ಟು, ಆ ತಪ್ಪು ಸಾಲನ್ನು ತಿದ್ದಿ ಮತ್ತೆ ಬೂಟ್ ಮಾಡಿದ ಮೇಲೆ ಎದ್ದು ಬಂತು. ಕನ್ಸೋಲ್‌ಗೆ ಹೋಗುವ ದಾರಿ ಗೊತ್ತಿಲ್ಲದಿದ್ದರೆ ಆ ವಿಎಮ್ ಅವತ್ತಿನ ಮಟ್ಟಿಗೆ ಕೈತಪ್ಪಿದ ಹಾಗೇ. ದಿನನಿತ್ಯದ ಕೆಲಸಕ್ಕೆ ಎಸ್‌ಎಸ್‌ಎಚ್ ಅಥವಾ ಆರ್‌ಡಿಪಿ (ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಪ್ರೋಟೋಕಾಲ್) ಬಳಸಿ, ಸಂತೋಷ. ಆದರೆ ವಿಎಮ್ ಸರಿಯಾಗಿ ನಡೆಯುತ್ತಿರುವಾಗಲೇ ಒಮ್ಮೆ ಅದರ ಕನ್ಸೋಲ್ ತೆರೆದು ನೋಡಿಟ್ಟುಕೊಳ್ಳಿ.

## ವಿಎಮ್‌ನ ಐಪಿ ವಿಳಾಸವನ್ನು ವಿಎನ್‌ಸಿ ಕ್ಲೈಂಟ್‌ನಲ್ಲಿ ಹಾಕಿದೆ. "ಕನೆಕ್ಷನ್ ರೆಫ್ಯೂಸ್ಡ್" ಅನ್ನುತ್ತದೆ. ಯಾಕೆ?

ವಿಎನ್‌ಸಿ ಎಂದರೆ ಇನ್ನೊಂದು ಯಂತ್ರದ ಸ್ಕ್ರೀನನ್ನು ನೆಟ್‌ವರ್ಕ್ ಮೂಲಕ ತೋರಿಸುವ ಪದ್ಧತಿ. ಕನ್ಸೋಲ್‌ಗೆ ಹೋಗಲು ಅದರಲ್ಲಿ ಹಾಕಬೇಕಾದ ವಿಳಾಸ ಹೋಸ್ಟ್‌ನದು. ಗೆಸ್ಟ್‌ನೊಳಗೆ ನೀವೇ ವಿಎನ್‌ಸಿ ಸರ್ವರ್ ಹಾಕಿಕೊಂಡಿರದಿದ್ದರೆ, ಗೆಸ್ಟ್‌ನ ಐಪಿಯಲ್ಲಿ ಆ ಪೋರ್ಟ್ ತೆರೆದುಕೊಂಡು ಕೂತವರು ಯಾರೂ ಇಲ್ಲ. ಹೋಸ್ಟ್‌ನ ವಿಳಾಸ ಹಾಕಿಯೂ ಅದೇ ಉತ್ತರ ಬಂದರೆ, ಕನ್ಸೋಲ್ ಹೋಸ್ಟ್‌ನ ಒಳವಿಳಾಸವಾದ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿರಬೇಕು. ಲಿನಕ್ಸ್ ಹೋಸ್ಟ್‌ಗಳಲ್ಲಿ ವಿಎಮ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಮೊದಲಿನಿಂದ ಇರುವ ಸೆಟ್ಟಿಂಗ್ ಇದೇ, ಮತ್ತು ಅದು ಹಾಗೇ ಇರುವುದು ಕ್ಷೇಮ. ಹೊರಗಿನಿಂದ ತಲುಪಲು ಟನೆಲ್ (ಎಸ್‌ಎಸ್‌ಎಚ್ ಒಳಗಿಂದ ಹಾಯಿಸುವ ಮರೆಯ ದಾರಿ) ಬೇಕು, ಅದರ ವಿವರ ಕೆಳಗಿದೆ.

ಉತ್ತರವೇ ಬರದೆ ಬಹಳ ಹೊತ್ತು ಸುತ್ತಿ ಕೊನೆಗೆ ಟೈಮ್‌ಔಟ್ ಆದರೆ ಹೆಚ್ಚಾಗಿ ಫೈರ್‌ವಾಲ್ ಅಡ್ಡ ಇದೆ ಎಂದರ್ಥ. ನೋಡಬೇಕಾದ್ದು ಹೋಸ್ಟ್‌ನ ಮತ್ತು ನಡುವಿನ ದಾರಿಯ ಫೈರ್‌ವಾಲ್. ಗೆಸ್ಟ್‌ನ ಫೈರ್‌ವಾಲ್ ಅನ್ನು ಎಷ್ಟು ತೆರೆದರೂ ಕನ್ಸೋಲ್‌ಗೆ ಏನೂ ಆಗುವುದಿಲ್ಲ.

## ಪೋರ್ಟ್ ಯಾವುದು ಎಂದು ತಿಳಿಯುವುದು ಹೇಗೆ?

ವಿಎನ್‌ಸಿಯಲ್ಲಿ 5900ಕ್ಕೆ ಡಿಸ್‌ಪ್ಲೇ ಸಂಖ್ಯೆ ಕೂಡಿಸಿದರೆ ಪೋರ್ಟ್. ಡಿಸ್‌ಪ್ಲೇ 0 ಅಂದರೆ 5900, ಡಿಸ್‌ಪ್ಲೇ 3 ಅಂದರೆ 5903. ಲಿಬ್‌ವರ್ಟ್ 5900ರಿಂದ ಶುರು ಮಾಡಿ ಖಾಲಿ ಇರುವ ಪೋರ್ಟನ್ನು ಆಯಾ ವಿಎಮ್‌ಗೆ ಕೊಡುತ್ತಾ ಹೋಗುತ್ತದೆ. ಆದ್ದರಿಂದ ನಿನ್ನೆ 5901ರಲ್ಲಿದ್ದ ಯಂತ್ರ ಇವತ್ತು ರೀಸ್ಟಾರ್ಟ್ ಆದ ಮೇಲೆ 5904ರಲ್ಲಿರಬಹುದು. ನೆನಪಿನಿಂದ ಪೋರ್ಟ್ ಹಾಕಿ ಬೇರೆ ಯಂತ್ರದ ಕನ್ಸೋಲ್‌ಗೆ ಹೋಗಿ ಅದನ್ನು ರೀಬೂಟ್ ಮಾಡಿದವರನ್ನು ಕಂಡಿದ್ದೇನೆ. ಲಿಬ್‌ವರ್ಟ್‌ಗೆ ಆಜ್ಞೆ ಕೊಡುವ ಸಾಧನವಾದ ವಿರ್ಶ್‌ನ ಡಾಮ್‌ಡಿಸ್‌ಪ್ಲೇ ಆಜ್ಞೆಗೆ ವಿಎಮ್‌ನ ಹೆಸರು ಕೊಟ್ಟು ಆ ಹೊತ್ತಿನ ಪೋರ್ಟ್ ಕೇಳಿ. ತೆರೆದ ಮೇಲೆ ಲಾಗಿನ್ ಸಾಲಿನಲ್ಲಿರುವ ಹೋಸ್ಟ್‌ನೇಮ್ ಓದಿ. ಆಮೇಲೆ ಕೈ ಹಾಕಿ.

ಟೈಗರ್‌ವಿಎನ್‌ಸಿಯಂಥ ಕ್ಲೈಂಟ್‌ಗಳಲ್ಲಿ ವಿಳಾಸದ ಕೊನೆಗೆ ಒಂದು ಕೋಲನ್ ಹಾಕಿ 1 ಎಂದರೆ ಡಿಸ್‌ಪ್ಲೇ ಸಂಖ್ಯೆ, ಎರಡು ಕೋಲನ್ ಹಾಕಿ 5901 ಎಂದರೆ ಪೋರ್ಟ್ ಸಂಖ್ಯೆ. ಈ ಚಿಕ್ಕ ವ್ಯತ್ಯಾಸ ಗೊತ್ತಿಲ್ಲದೆ ಅರ್ಧ ದಿನ ಕಳೆಯುವವರಿದ್ದಾರೆ.

## ವಿಎನ್‌ಸಿ, ಸ್ಪೈಸ್, ಆರ್‌ಡಿಪಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಹೆಚ್ಚಿನ ಸಲ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಹೈಪರ್‌ವೈಸರ್ ಯಾವುದನ್ನು ಮಾತಾಡುತ್ತದೋ ಅದನ್ನೇ ಕ್ಲೈಂಟ್ ಮಾತಾಡಬೇಕು. ವಿಂಡೋಸ್ ಜೊತೆ ಬರುವ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ಗೆ ಗೊತ್ತಿರುವುದು ಆರ್‌ಡಿಪಿ ಮಾತ್ರ. ಅದರಲ್ಲಿ 5900 ಹಾಕಿದರೆ ಏನೂ ಗಿಟ್ಟುವುದಿಲ್ಲ.

ಆಯ್ಕೆ ಇದ್ದಾಗ ನನ್ನ ಲೆಕ್ಕಾಚಾರ ಹೀಗೆ. ವಿಎನ್‌ಸಿ ತೀರಾ ಸರಳ. ಅದರ ಆಧಾರವಾದ ಆರ್‌ಎಫ್‌ಬಿ ಪ್ರೋಟೋಕಾಲ್ ಸ್ಕ್ರೀನಿನ ಆಯತಗಳನ್ನು ಚಿತ್ರವಾಗಿ ಕಳಿಸುತ್ತದೆ, ಅಷ್ಟೇ. ಹಾಗಾಗಿ ಎಲ್ಲೆಲ್ಲೂ ಕ್ಲೈಂಟ್ ಸಿಗುತ್ತದೆ. ತುರ್ತಿಗೆ ನಂಬಬಹುದಾದದ್ದು ಇದೇ. ಸ್ಪೈಸ್ ವರ್ಚುವಲ್ ಮಷೀನ್‌ಗೆಂದೇ ಮಾಡಿದ್ದು. ಕುಮ್ರಾನೆಟ್ ಕಂಪನಿಯಲ್ಲಿ ಹುಟ್ಟಿತು, 2008ರಲ್ಲಿ ಆ ಕಂಪನಿಯನ್ನು ರೆಡ್ ಹ್ಯಾಟ್ ಕೊಂಡಿತು, 2009ರಲ್ಲಿ ಅದರ ಸೋರ್ಸ್ ಕೋಡ್ ಬಿಡುಗಡೆ ಮಾಡಿತು. ಧ್ವನಿ, ಯುಎಸ್‌ಬಿ ಸಾಧನ, ಒಂದಕ್ಕಿಂತ ಹೆಚ್ಚು ಮಾನಿಟರ್ ಎಲ್ಲವನ್ನೂ ಕನ್ಸೋಲ್‌ನಲ್ಲೇ ಕೊಡುತ್ತದೆ. ಆದರೆ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸ್ 9ರಿಂದ ಸ್ಪೈಸನ್ನು ತೆಗೆದುಹಾಕಿದೆ, ಅಲ್ಲಿ ವಿಎನ್‌ಸಿಯೇ ಗತಿ. ಹಳೆಯ ಆವೃತ್ತಿಯಿಂದ ವಿಎಮ್ ಸ್ಥಳಾಂತರಿಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಆರ್‌ಡಿಪಿಯ ನಿಜವಾದ ಬಲ ವಿಂಡೋಸ್ ಗೆಸ್ಟ್‌ನೊಳಗೆ ದಿನವಿಡೀ ಕೆಲಸ ಮಾಡುವಾಗ ಕಾಣುತ್ತದೆ. ಕನ್ಸೋಲ್ ಆಗಿ ಅದು ಸಿಗುವುದು ವರ್ಚುವಲ್‌ಬಾಕ್ಸ್, ಮೈಕ್ರೋಸಾಫ್ಟ್‌ನ ಹೈಪರ್-ವಿಯಂಥ ಹೈಪರ್‌ವೈಸರ್‌ಗಳಲ್ಲಿ.

## ಯಾವ ಕ್ಲೈಂಟ್ ಹಾಕಿಕೊಳ್ಳಲಿ?

ಲಿನಕ್ಸ್‌ನಲ್ಲಿದ್ದರೆ ರೆಮಿನಾ ಒಂದರಲ್ಲೇ ವಿಎನ್‌ಸಿ, ಆರ್‌ಡಿಪಿ, ಸ್ಪೈಸ್ ಮೂರೂ ಆಗುತ್ತವೆ. ಆದರೆ ಪ್ಲಗಿನ್‌ಗಳು ಬೇರೆ ಪ್ಯಾಕೇಜ್ ಆಗಿರುತ್ತವೆ, ಪಟ್ಟಿಯಲ್ಲಿ ಸ್ಪೈಸ್ ಕಾಣದಿದ್ದರೆ ಆ ಪ್ಲಗಿನ್ ಹಾಕಿಲ್ಲ ಎಂದು ತಿಳಿಯಿರಿ. ಲಿನಕ್ಸ್‌ನ ಹೈಪರ್‌ವೈಸರ್ ಆದ ಕೆವಿಎಮ್‌ನ ಯಂತ್ರಗಳಿಗೆ ನಾನು ದಿನಾ ಬಳಸುವುದು ವರ್ಟ್-ವ್ಯೂವರ್. ವಿಎಮ್‌ನ ಹೆಸರು ಕೊಟ್ಟರೆ ಸಾಕು, ಪೋರ್ಟ್, ಪ್ರೋಟೋಕಾಲ್ ಎಲ್ಲ ತಾನೇ ಹುಡುಕಿಕೊಳ್ಳುತ್ತದೆ. ಅದರ ಜೊತೆಗೇ ಬರುವ ರಿಮೋಟ್-ವ್ಯೂವರ್ ನೇರ ವಿಳಾಸಕ್ಕೆ ಹೋಗುತ್ತದೆ. ವಿಂಡೋಸ್‌ನಲ್ಲಿ ವಿಎನ್‌ಸಿಗೆ ಟೈಗರ್‌ವಿಎನ್‌ಸಿ ಅಥವಾ ಟೈಟ್‌ವಿಎನ್‌ಸಿ, ಸ್ಪೈಸ್‌ಗೆ ಅದೇ ವರ್ಟ್-ವ್ಯೂವರ್‌ನ ವಿಂಡೋಸ್ ಆವೃತ್ತಿ.

ಮ್ಯಾಕ್‌ನಲ್ಲಿ ಸ್ಕ್ರೀನ್ ಶೇರಿಂಗ್ ಎಂಬ ವಿಎನ್‌ಸಿ ಕ್ಲೈಂಟ್ ಮೊದಲೇ ಇದೆ. ಫೈಂಡರ್‌ನ "ಕನೆಕ್ಟ್ ಟು ಸರ್ವರ್"ನಲ್ಲಿ ವಿಎನ್‌ಸಿ ವಿಳಾಸ ಕೊಟ್ಟರೆ ತೆರೆಯುತ್ತದೆ. ಪಾಸ್‌ವರ್ಡ್ ಇಲ್ಲದ ವಿಎನ್‌ಸಿಗೆ ಹೋಗಲು ಮಾತ್ರ ಅದು ಒಪ್ಪುವುದಿಲ್ಲ. ಮ್ಯಾಕ್‌ನ ಆರ್‌ಡಿಪಿ ಕ್ಲೈಂಟ್‌ನ ಹೆಸರನ್ನು ಮೈಕ್ರೋಸಾಫ್ಟ್ 2024ರಲ್ಲಿ "ವಿಂಡೋಸ್ ಆಪ್" ಎಂದು ಬದಲಿಸಿದೆ. ಹಳೆಯ ಹೆಸರಿನಲ್ಲಿ ಹುಡುಕಿ ಸಿಗಲಿಲ್ಲ ಎನ್ನುವವರು ಇದನ್ನು ಗಮನಿಸಿ.

ರಿಯಲ್‌ವಿಎನ್‌ಸಿಯ ವ್ಯೂವರ್‌ನಲ್ಲಿ ಕೆವಿಎಮ್ ಕನ್ಸೋಲ್ ತೆರೆದ ತಕ್ಷಣ ಮುಚ್ಚಿಕೊಂಡರೆ, ಆ ಕನೆಕ್ಷನ್‌ನ ಚಿತ್ರದ ಗುಣಮಟ್ಟವನ್ನು "ಆಟೋಮ್ಯಾಟಿಕ್"ನಿಂದ "ಹೈ"ಗೆ ಬದಲಿಸಿ ನೋಡಿ. ಕಡಿಮೆ ಬಣ್ಣದ ಮೋಡ್‌ನಲ್ಲಿ ಎರಡು ಕಡೆಯವೂ ಹೊಂದಿಕೊಳ್ಳದಿರುವುದೇ ಇದಕ್ಕೆ ಕಾರಣ.

## ಹೋಸ್ಟ್ ದೂರದಲ್ಲಿದೆ. ಪೋರ್ಟ್ 5900 ತೆರೆದು ಪಾಸ್‌ವರ್ಡ್ ಇಟ್ಟುಬಿಟ್ಟರೆ ಸಾಲದೇ?

ಸಾಲದು. ದಯವಿಟ್ಟು ಹೀಗೆ ಮಾಡಬೇಡಿ. ವಿಎನ್‌ಸಿಯ ಮೂಲ ಪಾಸ್‌ವರ್ಡ್ ಪದ್ಧತಿ ಹಳೆಯ ಡೆಸ್ ಗೂಢಲಿಪಿಯ ಮೇಲೆ ನಿಂತಿದೆ, ಅದರಲ್ಲಿ ಲೆಕ್ಕಕ್ಕೆ ಬರುವುದು ಮೊದಲ 8 ಅಕ್ಷರಗಳು ಮಾತ್ರ. ನೀವು ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಇಟ್ಟು ನೆಮ್ಮದಿಯಾಗಿದ್ದರೂ ಹನ್ನೆರಡು ಅಕ್ಷರಗಳಿಗೆ ಬೆಲೆಯೇ ಇಲ್ಲ. ಲಾಗಿನ್ ಆದ ಮೇಲೆ ನೀವು ಒತ್ತುವ ಕೀಗಳು, ಕಾಣುವ ಚಿತ್ರ ಎರಡೂ ಮರೆಯಿಲ್ಲದೆ ಹರಿಯುತ್ತವೆ. ಕನ್ಸೋಲ್ ಸಿಕ್ಕಿದವನಿಗೆ ಯಂತ್ರವನ್ನು ರೀಬೂಟ್ ಮಾಡಿ ಬೂಟ್ ಮೆನುವಿನಿಂದ ಒಳಗೆ ನುಗ್ಗುವುದು ಕಷ್ಟವಲ್ಲ. ಆರ್‌ಡಿಪಿಯೂ ಅಷ್ಟೇ: 2019ರಲ್ಲಿ ಬಯಲಾದ ಬ್ಲೂಕೀಪ್ ದೋಷ, ಲಾಗಿನ್ ಆಗದೆಯೇ ಹಳೆಯ ವಿಂಡೋಸ್ ಯಂತ್ರಗಳಿಗೆ ಆರ್‌ಡಿಪಿಯ ಪೋರ್ಟ್ ಆದ 3389ರ ಮೂಲಕ ನುಗ್ಗಲು ದಾರಿ ಮಾಡಿಕೊಟ್ಟಿತ್ತು.

ದಾರಿ ಎಸ್‌ಎಸ್‌ಎಚ್ ಟನೆಲ್. ಹೋಸ್ಟ್‌ಗೆ ಎಸ್‌ಎಸ್‌ಎಚ್ ಮಾಡುವಾಗ ದೊಡ್ಡಕ್ಷರದ ಎಲ್ ಆಯ್ಕೆ ಕೊಟ್ಟು, ನಿಮ್ಮ ಯಂತ್ರದ 5999 ಪೋರ್ಟನ್ನು ಹೋಸ್ಟ್‌ನ ಲೋಕಲ್‌ಹೋಸ್ಟ್ 5901ಕ್ಕೆ ಜೋಡಿಸಿ. ಆಮೇಲೆ ವಿಎನ್‌ಸಿ ಕ್ಲೈಂಟ್‌ನಲ್ಲಿ ಹಾಕಬೇಕಾದ್ದು ಲೋಕಲ್‌ಹೋಸ್ಟ್, ಪೋರ್ಟ್ 5999. ಇಲ್ಲಿ ಎರಡು ಲೋಕಲ್‌ಹೋಸ್ಟ್ ಬರುವುದೇ ಗೊಂದಲದ ಮೂಲ. ಆಜ್ಞೆಯಲ್ಲಿ ಬರೆದದ್ದು ಹೋಸ್ಟ್ ತನ್ನನ್ನು ತಾನು ಕರೆದುಕೊಳ್ಳುವ ಹೆಸರು, ಕ್ಲೈಂಟ್‌ನಲ್ಲಿ ಹಾಕುವುದು ನಿಮ್ಮ ಮುಂದಿರುವ ಯಂತ್ರದ ಹೆಸರು. ನಿಮ್ಮ ಕಡೆ 5900 ಬಳಸದೆ ಬೇರೆ ಸಂಖ್ಯೆ ಆರಿಸಿಕೊಳ್ಳಿ. ಮ್ಯಾಕ್‌ನಲ್ಲಿ ಸ್ಕ್ರೀನ್ ಶೇರಿಂಗ್ ಚಾಲೂ ಇದ್ದರೆ ಆ ಪೋರ್ಟ್ ಮೊದಲೇ ಹಿಡಿದಿರುತ್ತದೆ.

ಲಿಬ್‌ವರ್ಟ್ ಆದರೆ ಇಷ್ಟೂ ಬೇಡ. ವರ್ಟ್-ವ್ಯೂವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗುವ ಕೆಮು (ಕೆವಿಎಮ್ ಜೊತೆ ವಿಎಮ್ ಓಡಿಸುವ ತಂತ್ರಾಂಶ) ವಿಳಾಸವನ್ನೂ ವಿಎಮ್‌ನ ಹೆಸರನ್ನೂ ಕೊಟ್ಟರೆ ಟನೆಲನ್ನು ಅದೇ ತೋಡಿಕೊಳ್ಳುತ್ತದೆ.

## ವರ್ಚುವಲ್‌ಬಾಕ್ಸ್‌ನ ಕನ್ಸೋಲ್‌ಗೆ ಆರ್‌ಡಿಪಿ ಮೂಲಕ ಹೋಗಬಹುದೇ?

ಹೋಗಬಹುದು, ಗೆಸ್ಟ್ ಲಿನಕ್ಸ್ ಆಗಿದ್ದರೂ ಸರಿ, ಅದರೊಳಗೆ ಏನೂ ಹಾಕಬೇಕಿಲ್ಲ. ಹೋಸ್ಟ್‌ನಲ್ಲಿ ಎಕ್ಸ್‌ಟೆನ್ಷನ್ ಪ್ಯಾಕ್ ಹಾಕಿ, ವಿಎಮ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಮೋಟ್ ಡಿಸ್‌ಪ್ಲೇ ಸರ್ವರ್ ಚಾಲೂ ಮಾಡಿ. ತಾನಾಗಿ ಇರುವ ಪೋರ್ಟ್ 3389. ಹೋಸ್ಟ್ ವಿಂಡೋಸ್ ಆಗಿದ್ದು ಅದರದೇ ಆರ್‌ಡಿಪಿ ಚಾಲೂ ಇದ್ದರೆ ಎರಡೂ ಒಂದೇ ಪೋರ್ಟಿಗೆ ಕಿತ್ತಾಡುತ್ತವೆ, ನೀವು ವಿಎಮ್ ಎಂದುಕೊಂಡು ಹೋಸ್ಟ್‌ನ ಲಾಗಿನ್ ಪರದೆಯ ಮುಂದೆ ನಿಂತಿರುತ್ತೀರಿ. ಒಂದೊಂದು ವಿಎಮ್‌ಗೂ 5000ದ ಆಸುಪಾಸಿನಲ್ಲಿ ಬೇರೆ ಬೇರೆ ಪೋರ್ಟ್ ಕೊಡಿ. ದೃಢೀಕರಣದ ವಿಧಾನ "ನಲ್" ಎಂದಿದ್ದರೆ ಯಾರು ಬಂದರೂ ಪಾಸ್‌ವರ್ಡ್ ಕೇಳುವುದಿಲ್ಲ, ಅದನ್ನೂ ನೋಡಿಕೊಳ್ಳಿ.

## ಹೈಪರ್-ವಿಯಲ್ಲಿ?

ಹೈಪರ್-ವಿಯ ಕನ್ಸೋಲ್ ಕ್ಲೈಂಟ್ ಆದ ವಿಎಮ್‌ಕನೆಕ್ಟ್ ಬಳಸುವುದು ಹೋಸ್ಟ್‌ನ 2179 ಪೋರ್ಟನ್ನು. ಒಳಗೆ ಹರಿಯುವುದು ಆರ್‌ಡಿಪಿಯೇ. ಲಿನಕ್ಸ್‌ನಿಂದ ಹೋಗಬೇಕಾದರೆ ಫ್ರೀಆರ್‌ಡಿಪಿ ಎಂಬ ಕ್ಲೈಂಟ್‌ಗೆ ವಿಎಮ್‌ಕನೆಕ್ಟ್ ಎಂಬ ಆಯ್ಕೆಯ ಜೊತೆ ಆ ವಿಎಮ್‌ನ ಐಡಿ ಕೊಡಬೇಕು. ಹೆಸರು ಕೊಟ್ಟರೆ ಆಗುವುದಿಲ್ಲ, ಐಡಿಯನ್ನು ಪವರ್‌ಶೆಲ್‌ನಿಂದ ತೆಗೆದುಕೊಳ್ಳಿ. ಲಾಗಿನ್ ಹೋಸ್ಟ್‌ನ ಬಳಕೆದಾರನದು.

ಬೇಸಿಕ್ ಸೆಷನ್, ಎನ್‌ಹಾನ್ಸ್ಡ್ ಸೆಷನ್ ಎಂದು ಎರಡಿವೆ. ಬೇಸಿಕ್‌ನಲ್ಲಿ ಬೂಟ್ ಆಗುವುದರಿಂದ ಹಿಡಿದು ಎಲ್ಲ ಕಾಣುತ್ತದೆ. ಎನ್‌ಹಾನ್ಸ್ಡ್ ಗೆಸ್ಟ್‌ನೊಳಗಿನ ಆರ್‌ಡಿಪಿ ಸರ್ವೀಸನ್ನು ಮುಟ್ಟುತ್ತದೆ, ಆದ್ದರಿಂದ ಕಾಪಿ-ಪೇಸ್ಟ್, ಧ್ವನಿ ಸಿಗುತ್ತವೆ, ಗೆಸ್ಟ್ ಕೆಟ್ಟಾಗ ಸಿಗುವುದಿಲ್ಲ. ಯಂತ್ರ ಕೈಕೊಟ್ಟಿದೆ ಎಂದಾದರೆ ಬೇಸಿಕ್‌ಗೆ ಹಿಂತಿರುಗಿ.

## ಪ್ರಾಕ್ಸ್‌ಮಾಕ್ಸ್‌ನಿಂದ ಇಳಿಸಿಕೊಂಡ ಸ್ಪೈಸ್ ಫೈಲ್ ಎರಡನೇ ಸಲ ತೆರೆಯುವುದಿಲ್ಲ.

ವಿಎಮ್‌ಗಳನ್ನು ವೆಬ್ ಪುಟದಿಂದ ನಿರ್ವಹಿಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಅದನ್ನು ಹಾಗೇ ಮಾಡಿದ್ದಾರೆ. ಆ ಫೈಲಿನಲ್ಲಿರುವುದು ಅಲ್ಪಾಯುಷ್ಯದ ಟಿಕೆಟ್, ತೆರೆದ ಮೇಲೆ ರಿಮೋಟ್-ವ್ಯೂವರ್ ಆ ಫೈಲನ್ನೇ ಅಳಿಸಿಹಾಕುತ್ತದೆ. ಪ್ರತಿ ಸಲವೂ ಹೊಸದನ್ನು ಇಳಿಸಿಕೊಳ್ಳಿ. ಹೊಸದೂ ತೆರೆಯದಿದ್ದರೆ ಸ್ಪೈಸ್ ಪ್ರಾಕ್ಸಿಯ 3128 ಪೋರ್ಟ್ ನಿಮಗೆ ತಲುಪುತ್ತಿದೆಯೇ ನೋಡಿ. ಬ್ರೌಸರಿನೊಳಗೆ ತೆರೆಯುವ ನೋವಿಎನ್‌ಸಿ ಮಾತ್ರ ವೆಬ್ ಪುಟದ 8006ರಲ್ಲೇ ಹೋಗುವುದರಿಂದ, ಅದು ನಡೆದು ಸ್ಪೈಸ್ ನಡೆಯದಿರುವುದು ಸಾಮಾನ್ಯ.

## ವಿಎಮ್‌ವೇರ್ ಈಎಸ್‌ಎಕ್ಸ್‌ಐಗೆ ಮೊದಲು ವಿಎನ್‌ಸಿಯಲ್ಲಿ ಹೋಗುತ್ತಿದ್ದೆ. ಅಪ್‌ಗ್ರೇಡ್ ಆದ ಮೇಲೆ ಆಗುತ್ತಿಲ್ಲ.

ಈಎಸ್‌ಎಕ್ಸ್‌ಐ ವಿಎಮ್‌ವೇರ್‌ನ ಹೈಪರ್‌ವೈಸರ್. ಅದರ 7.0 ಆವೃತ್ತಿಯಲ್ಲಿ ಒಳಗಿದ್ದ ವಿಎನ್‌ಸಿ ಸರ್ವರನ್ನೇ ತೆಗೆದಿದ್ದಾರೆ. ಬ್ರೌಸರ್ ಕನ್ಸೋಲ್ ಅಥವಾ ವಿಎಮ್‌ವೇರ್ ರಿಮೋಟ್ ಕನ್ಸೋಲ್ ಆಪ್ ಬಳಸಿ.

## ಮೌಸ್ ಬಾಣ ಒಂದು ಕಡೆ, ಕ್ಲಿಕ್ ಆಗುವುದು ಇನ್ನೊಂದು ಕಡೆ. ಏನು ಮಾಡಲಿ?

ವಿಎಮ್‌ಗೆ ಸಿಕ್ಕಿರುವುದು ಹಳೆಯ ಪಿಎಸ್/2 ಮೌಸ್. ಅದು "ಇಷ್ಟು ಬಲಕ್ಕೆ ಸರಿದೆ" ಎಂದಷ್ಟೇ ಹೇಳುತ್ತದೆ, ಎಲ್ಲಿದ್ದೇನೆ ಎಂದು ಹೇಳುವುದಿಲ್ಲ. ಗೆಸ್ಟ್ ಆ ಸರಿತಕ್ಕೆ ತನ್ನ ವೇಗವನ್ನು ಬೆರೆಸುತ್ತದೆ, ಎರಡು ಬಾಣಗಳೂ ದೂರವಾಗುತ್ತಾ ಹೋಗುತ್ತವೆ. ವಿಎಮ್‌ಗೆ ಯುಎಸ್‌ಬಿ ಟ್ಯಾಬ್ಲೆಟ್ ಎಂಬ ಸಾಧನ ಸೇರಿಸಿ. ಅದು ಸ್ಕ್ರೀನಿನ ಮೇಲಿನ ನಿಖರ ಸ್ಥಾನವನ್ನೇ ಕಳಿಸುವುದರಿಂದ ತೊಂದರೆ ಅಲ್ಲಿಗೆ ಮುಗಿಯಿತು.

## ಪಾಸ್‌ವರ್ಡ್ ಸರಿಯಾಗೇ ಹೊಡೆಯುತ್ತೇನೆ, "ತಪ್ಪು" ಅನ್ನುತ್ತದೆ.

ಪಾಸ್‌ವರ್ಡ್ ಹೊಡೆಯುವ ಜಾಗದಲ್ಲಿ ಬೇಡ, ಬಳಕೆದಾರನ ಹೆಸರಿನ ಜಾಗದಲ್ಲಿ ಅದೇ ಚಿಹ್ನೆಗಳನ್ನು ಒತ್ತಿ ನೋಡಿ (ಪೂರ್ತಿ ಪಾಸ್‌ವರ್ಡ್ ಹೊಡೆಯಬೇಡಿ, ವಿಚಿತ್ರ ಚಿಹ್ನೆಗಳನ್ನಷ್ಟೇ). ಅಟ್ ಗುರುತು ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತಿದ್ದರೆ ಕೀಬೋರ್ಡ್ ಲೇಔಟ್‌ಗಳು ಹೊಂದುತ್ತಿಲ್ಲ. ಅಮೆರಿಕನ್ ಮತ್ತು ಬ್ರಿಟಿಷ್ ಲೇಔಟ್‌ಗಳ ನಡುವೆ ಅದಲುಬದಲಾಗುವುದು ಸರಿಯಾಗಿ ಈ ಎರಡು ಚಿಹ್ನೆಗಳೇ.

ಕಾರಣ ಹೀಗಿದೆ. ಮೂಲ ವಿಎನ್‌ಸಿ ಕೀಲಿಯ ಜಾಗವನ್ನು ಕಳಿಸುವುದಿಲ್ಲ, ಅದರಿಂದ ಮೂಡುವ ಅಕ್ಷರವನ್ನು ಕಳಿಸುತ್ತದೆ. ಹೈಪರ್‌ವೈಸರ್ ಅದನ್ನು ಮತ್ತೆ ಕೀಲಿಯಾಗಿ ಊಹಿಸಬೇಕು. ಕೆಮುವಿನಲ್ಲಿ ನೇರ ಕೀಲಿಯ ಸಂಕೇತವನ್ನೇ ಕಳಿಸುವ ವಿಸ್ತರಣೆ ಇದೆ, ಅದನ್ನು ಬಲ್ಲ ಟೈಗರ್‌ವಿಎನ್‌ಸಿ, ನೋವಿಎನ್‌ಸಿಯಂಥ ಕ್ಲೈಂಟ್ ಬಳಸಿ, ಗೆಸ್ಟ್‌ನ ಲೇಔಟನ್ನು ನಿಮ್ಮ ಕೀಬೋರ್ಡ್‌ಗೆ ಹೊಂದಿಸಿದರೆ ಸರಿಹೋಗುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇನ್ನೊಂದು ತೊಡಕಿದೆ. ನಿಮ್ಮ ಯಂತ್ರದಲ್ಲಿ ಕನ್ನಡ ಲೇಔಟ್ ಚಾಲೂ ಇದ್ದಾಗ ಕನ್ಸೋಲ್‌ಗೆ ಹೋದರೆ, ಕ್ಲೈಂಟ್ ಕಳಿಸುವುದು ಕನ್ನಡ ಅಕ್ಷರವನ್ನು. ಆ ಕಡೆಯವರಿಗೆ ಅದಕ್ಕೆ ಹೊಂದುವ ಕೀಲಿ ಸಿಗದೆ ಏನೂ ಮೂಡುವುದಿಲ್ಲ. ಕೀಬೋರ್ಡೇ ಸತ್ತಿದೆ ಅನ್ನಿಸುತ್ತದೆ. ಕನ್ಸೋಲ್ ವಿಂಡೋಗೆ ಬರುವ ಮುಂಚೆ ಇಂಗ್ಲಿಷ್ ಲೇಔಟ್‌ಗೆ ಬದಲಿಸಿಕೊಳ್ಳಿ.

## ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆ ನನ್ನ ಯಂತ್ರಕ್ಕೇ ಬೀಳುತ್ತದೆ.

ವಿಂಡೋಸ್‌ನ ಆರ್‌ಡಿಪಿ ಕ್ಲೈಂಟ್‌ನಲ್ಲಿ ಕಂಟ್ರೋಲ್-ಆಲ್ಟ್-ಎಂಡ್. ವಿಎಮ್‌ವೇರ್‌ನಲ್ಲಿ ಕಂಟ್ರೋಲ್-ಆಲ್ಟ್-ಇನ್ಸರ್ಟ್. ವರ್ಚುವಲ್‌ಬಾಕ್ಸ್‌ನ ವಿಂಡೋದಲ್ಲಿ ಹೋಸ್ಟ್ ಕೀ ಜೊತೆ ಡಿಲೀಟ್, ಹೋಸ್ಟ್ ಕೀ ಸಾಮಾನ್ಯವಾಗಿ ಬಲಗಡೆಯ ಕಂಟ್ರೋಲ್. ವರ್ಟ್-ವ್ಯೂವರ್‌ನಲ್ಲಿ "ಸೆಂಡ್ ಕೀ" ಮೆನು, ಲಿನಕ್ಸ್ ಟಿಟಿವೈಗಳಿಗೆ (ಅಕ್ಷರರೂಪದ ಲಾಗಿನ್ ಪರದೆಗಳಿಗೆ) ಹೋಗುವ ಕೀಲಿಗಳೂ ಅಲ್ಲೇ ಇವೆ. ಹಲವು ವಿಎನ್‌ಸಿ ಕ್ಲೈಂಟ್‌ಗಳಲ್ಲಿ ಎಫ್8 ಒತ್ತಿದರೆ ಮೆನು ಬರುತ್ತದೆ.

## ಕನೆಕ್ಟ್ ಆಯಿತು, ಆದರೆ ಸ್ಕ್ರೀನ್ ಪೂರ್ತಿ ಕಪ್ಪು.

ಮೊದಲು ಶಿಫ್ಟ್ ಕೀ ಒತ್ತಿ ಒಂದೆರಡು ಸೆಕೆಂಡ್ ಕಾಯಿರಿ. ಗೆಸ್ಟ್ ತನ್ನ ಮಾನಿಟರನ್ನು ಮಲಗಿಸಿರಬಹುದು. ಎಂಟರ್ ಒತ್ತಬೇಡಿ, ಕಾಣದ ಪರದೆಯಲ್ಲಿ ಯಾವ ಪ್ರಶ್ನೆಗೆ ಹೌದು ಎಂದಿರಿ ಎಂದು ಗೊತ್ತಾಗುವುದಿಲ್ಲ.

ಆಗಲೂ ಏನೂ ಕಾಣದಿದ್ದರೆ, ವಿಎಮ್‌ಗೆ ನಿಜವಾದ ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಕೊಟ್ಟಿದೆಯೇ ನೋಡಿ. ಕೊಟ್ಟಿದ್ದರೆ ಚಿತ್ರ ಆ ಕಾರ್ಡಿನ ಕಡೆ ಹೋಗಿರುತ್ತದೆ, ವರ್ಚುವಲ್ ಕನ್ಸೋಲ್‌ಗೆ ಬರುವುದಿಲ್ಲ. ಬೂಟ್‌ನ ಸಾಲುಗಳು ಬಂದು ಆಮೇಲೆ ಕಪ್ಪಾದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಸಂಶಯಪಡಿ. ಬೂಟ್ ಮೆನುವಿನಲ್ಲಿ ಕರ್ನಲ್ ಸಾಲಿಗೆ ನೋಮೋಡ್‌ಸೆಟ್ ಸೇರಿಸಿ ಒಮ್ಮೆ ಎಬ್ಬಿಸಿ ನೋಡಬಹುದು.

ಇದೆಲ್ಲಕ್ಕೂ ಮಿಗಿಲಾದ ಉಪಾಯ ಸೀರಿಯಲ್ ಕನ್ಸೋಲ್. ಲಿನಕ್ಸ್ ಗೆಸ್ಟ್‌ನ ಕರ್ನಲ್ ಸಾಲಿನಲ್ಲಿ ಕನ್ಸೋಲ್ ಆಗಿ ಮೊದಲ ಸೀರಿಯಲ್ ಪೋರ್ಟ್ ಆದ ಟಿಟಿವೈಎಸ್0 ಅನ್ನು 115200 ವೇಗದಲ್ಲಿ ಸೇರಿಸಿಟ್ಟರೆ, ವಿರ್ಶ್‌ನ ಕನ್ಸೋಲ್ ಆಜ್ಞೆಯಿಂದ ಬರೀ ಅಕ್ಷರಗಳಲ್ಲಿ ಒಳಗೆ ಹೋಗಬಹುದು. ಚಿತ್ರವೇ ಇಲ್ಲದ್ದರಿಂದ ನೆಟ್‌ವರ್ಕ್ ಎಷ್ಟೇ ನಿಧಾನವಾಗಿದ್ದರೂ ಓಡುತ್ತದೆ, ದೋಷದ ಸಾಲನ್ನು ಕಾಪಿ ಮಾಡಿಕೊಳ್ಳಲೂ ಬರುತ್ತದೆ. ಹೊರಬರಲು ಕಂಟ್ರೋಲ್ ಜೊತೆ ಬಲ ಚೌಕಾವರಣ. ನಾನು ಹೊಸದಾಗಿ ಮಾಡುವ ಪ್ರತಿ ಲಿನಕ್ಸ್ ವಿಎಮ್‌ನಲ್ಲೂ ಇದನ್ನು ಮೊದಲ ದಿನವೇ ಹಾಕಿಡುತ್ತೇನೆ, ಕೆಟ್ಟ ಮೇಲೆ ಹಾಕಲು ಬರುವುದಿಲ್ಲ.

## ಕಾಪಿ-ಪೇಸ್ಟ್ ಆಗುವುದಿಲ್ಲ. ಆದಾಗಲೂ ಕನ್ನಡ ಹಾಳಾಗುತ್ತದೆ.

ಕನ್ಸೋಲ್ ಒಂದು ಮಾನಿಟರ್ ಇದ್ದ ಹಾಗೆ ಎಂದೆನಲ್ಲ, ಮಾನಿಟರಿಗೆ ಯಾರೂ ಪೇಸ್ಟ್ ಮಾಡುವುದಿಲ್ಲ. ಗೆಸ್ಟ್‌ನೊಳಗೆ ಅದನ್ನು ಎತ್ತಿಕೊಳ್ಳುವ ಏಜೆಂಟ್ ಬೇಕು. ಸ್ಪೈಸ್‌ಗೆ ವಿಡಿಏಜೆಂಟ್ ಹಾಕಿದರೆ ಆಗುತ್ತದೆ. ವಿಎನ್‌ಸಿಯ ಮೂಲ ನಿಯಮಗಳಲ್ಲಿ, 2011ರ ಆರ್‌ಎಫ್‌ಸಿ 6143ರಲ್ಲಿ, ಕ್ಲಿಪ್‌ಬೋರ್ಡ್‌ಗೆ ಲ್ಯಾಟಿನ್-1 ಅಕ್ಷರಗಳಿಗಷ್ಟೇ ಜಾಗ. ಕನ್ನಡ ಅದರಲ್ಲಿ ಹಿಡಿಸುವುದಿಲ್ಲ. ಯೂನಿಕೋಡ್ ಕಳಿಸುವ ವಿಸ್ತರಣೆ ಎರಡೂ ತುದಿಗಳಲ್ಲಿ ಇದ್ದರೆ ಮಾತ್ರ ಸರಿಯಾಗಿ ದಾಟುತ್ತದೆ. ಉದ್ದದ ಪಠ್ಯವಿದ್ದರೆ ಎಸ್‌ಎಸ್‌ಎಚ್‌ನಲ್ಲಿ ಫೈಲ್ ಆಗಿ ಕಳಿಸಿಬಿಡಿ.

## ಕೆಲಸ ಮುಗಿಯಿತು. ವಿಂಡೋ ಮುಚ್ಚಿದರೆ ಸಾಕೇ?

ಸಾಕಾಗುವುದಿಲ್ಲ. ಎಸ್‌ಎಸ್‌ಎಚ್‌ನಲ್ಲಿ ಕನೆಕ್ಷನ್ ಮುಚ್ಚಿದರೆ ಸೆಷನ್ ಮುಗಿಯುತ್ತದೆ. ಕನ್ಸೋಲ್‌ನಲ್ಲಿ ವಿಂಡೋ ಮುಚ್ಚುವುದೆಂದರೆ ಮಾನಿಟರ್ ಆರಿಸಿ ಎದ್ದುಹೋದಂತೆ. ನೀವು ರೂಟ್ ಆಗಿ ಲಾಗಿನ್ ಆಗಿದ್ದರೆ ಆ ಶೆಲ್ ಅಲ್ಲೇ ತೆರೆದುಕೊಂಡಿರುತ್ತದೆ, ವಾರದ ನಂತರ ಅದೇ ಕನ್ಸೋಲ್ ತೆರೆದ ಮತ್ತೊಬ್ಬರಿಗೆ ಪಾಸ್‌ವರ್ಡ್ ಇಲ್ಲದೆ ರೂಟ್ ಸಿಗುತ್ತದೆ. ಎಕ್ಸಿಟ್ ಎಂದು ಹೊಡೆದು, ಲಾಗಿನ್ ಸಾಲು ಮತ್ತೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ವಿಂಡೋ ಮುಚ್ಚಿ.